ಬೆಳಕಿಗೆ ಬದಲಾಗುವ ರಾಳ, ಬಿಸಿಲಿಗೆ ನಿಲ್ಲುವ ರಾಳ

ಕಲಬುರಗಿ ನಗರ ಮತ್ತು ಕಮಲಾಪುರದ ಮುದ್ರಣಾಲಯದವರಿಗೆ, ಸ್ಕ್ರೀನ್ ಪ್ರಿಂಟಿಂಗ್ ಮಾಡುವವರಿಗೆ, ಎಕ್ಸ್-ರೇ ತಂತ್ರಜ್ಞರಿಗೆ, ಪೇಂಟರ್‌ಗಳಿಗೆ ಮತ್ತು ಫ್ಯಾಬ್ರಿಕೇಷನ್ ಶೆಡ್ಡಿನವರಿಗೆ ಬಹಿರಂಗ ಪತ್ರ



ಸಣ್ಣ ಅಣುಗಳು ಕೊಂಡಿಗೆ ಕೊಂಡಿ ಸೇರಿ ಆದ ಉದ್ದನೆಯ ಸರಪಳಿಯೇ ಪಾಲಿಮರ್. ಕೊಡ, ಕುರ್ಚಿ, ಪೈಪುಗಳಾಗುವ ಪಾಲಿಮರ್‌ಗಳು ಟನ್ನುಗಟ್ಟಲೆ ತಯಾರಾಗುತ್ತವೆ, ಎಲ್ಲರ ಕಣ್ಣಿಗೂ ಬೀಳುತ್ತವೆ. ಇನ್ನು ಕೆಲವು ಒಂದೊಂದು ನಿರ್ದಿಷ್ಟ ಕೆಲಸಕ್ಕೆಂದೇ ಕಡಿಮೆ ಪ್ರಮಾಣದಲ್ಲಿ ತಯಾರಾಗುತ್ತವೆ. ಇವು ತೆಳುವಾದ ಪೊರೆಯಾಗಿ ಬಳಕೆಯಾಗುವುದರಿಂದ ಇರುವುದೇ ಗೊತ್ತಾಗುವುದಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕುವ ಜಾಲರಿಯ ಮೇಲಿನ ಎಮಲ್ಷನ್, ಆಫ್‌ಸೆಟ್ ಪ್ಲೇಟಿನ ಬಣ್ಣದ ಲೇಪ, ಆಸ್ಪತ್ರೆಯಿಂದ ಕೈಗೆ ಬರುವ ಎಕ್ಸ್-ರೇ ಹಾಳೆ, ಟ್ಯಾಂಕಿನ ಒಳಗೋಡೆಯ ಎಪಾಕ್ಸಿ, ಶೆಡ್ಡಿನ ಬಣ್ಣದ ತಗಡು ಎಲ್ಲವೂ ಈ ಎರಡನೆಯ ಗುಂಪಿನವು. ಇವುಗಳಿಗೆ ಇರುವುದು ಎರಡೇ ಮುಖ್ಯ ಕೆಲಸ: ಚಿತ್ರ ಮೂಡಿಸುವುದು, ಮೈ ಕಾಯುವುದು. ಚಿತ್ರ ಮೂಡಿಸುವ ರಾಳ, ಅಂದರೆ ಇಂಥ ಪಾಲಿಮರ್, ಬೆಳಕು ಬಿದ್ದಲ್ಲಿ ಬದಲಾಗಲೇಬೇಕು. ಮೈ ಕಾಯುವ ರಾಳ ಎಷ್ಟು ಬೆಳಕು ಬಿದ್ದರೂ ಬದಲಾಗಕೂಡದು. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟಿ ವಾರಗಟ್ಟಲೆ ಕೆಳಗಿಳಿಯದ ಕಲಬುರಗಿಯಲ್ಲಿ ಈ ಎರಡೂ ಬಗೆಯ ರಾಳಗಳು ಪರೀಕ್ಷೆಗೆ ಒಳಗಾಗುತ್ತವೆ. ಡಬ್ಬಿಯಲ್ಲಿ ಯಾವ ರಾಳವಿದೆ ಎಂಬುದನ್ನು ತಿಳಿಯದೆ ಇಲ್ಲಿ ಕೆಲಸ ಮಾಡಿದರೆ ದುಡ್ಡೂ ಹಾಳು, ದುಡಿಮೆಯೂ ಹಾಳು.

ರಾಳದಿಂದ ಚಿತ್ರ ತೆಗೆಯುವ ವಿದ್ಯೆ ಕ್ಯಾಮೆರಾ ಫಿಲ್ಮಿಗಿಂತ ಹಳೆಯದು. 1826-27ರ ಸುಮಾರಿಗೆ ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ ತವರದ ಮಿಶ್ರಲೋಹದ ಹಲಗೆಯೊಂದಕ್ಕೆ ಬಿಟುಮೆನ್ ಬಳಿದು, ಅದನ್ನು ಕ್ಯಾಮೆರಾದಲ್ಲಿಟ್ಟು ಕಿಟಕಿಯಾಚೆಯ ನೋಟಕ್ಕೆ ಒಡ್ಡಿದ. ಬಿಟುಮೆನ್ ಎಂದರೆ ರಸ್ತೆಗೆ ಹಾಕುವ ಡಾಂಬರಿನ ಜಾತಿಯದೇ ವಸ್ತು. ಬೆಳಕು ಬಿದ್ದ ಕಡೆ ಅದು ಗಟ್ಟಿಯಾಯಿತು. ನೆರಳಿದ್ದ ಕಡೆ ಮೆತ್ತಗೆ ಉಳಿದದ್ದನ್ನು ಲ್ಯಾವೆಂಡರ್ ಎಣ್ಣೆ ಬೆರೆಸಿದ ದ್ರಾವಕ ಕರಗಿಸಿಬಿಟ್ಟಿತು. ಉಳಿದದ್ದೇ ಇಂದಿಗೂ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರ. ಛಾವಣಿಗೆ ನೀರು ಇಳಿಯದಂತೆ ಬಳಿಯುವ ವಸ್ತುವೇ ಆ ಛಾಯಾಚಿತ್ರದ ಲೇಪವೂ ಆಗಿತ್ತು ಎಂಬುದು ಈ ಇಡೀ ವಿಷಯದ ಬೀಜ. ಆ ಬಳಿಕ ಬಂದ ಚಿತ್ರ ಮೂಡಿಸುವ ರಾಳಗಳಲ್ಲಿ ಹಲವು ಇದೇ ತತ್ವವನ್ನು ಹಿಡಿದು ನಡೆದಿವೆ: ಬೆಳಕಿನಿಂದ ಕರಗುವ ಗುಣ ಬದಲಾಗಬೇಕು, ಬೇಡವಾದದ್ದು ತೊಳೆದುಹೋಗಬೇಕು.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಈ ತತ್ವ ಅತ್ಯಂತ ಸರಳ ರೂಪದಲ್ಲಿ ಕಾಣುತ್ತದೆ. ಪಾಲಿಯೆಸ್ಟರ್ ಜಾಲರಿಗೆ ಬಳಿಯುವ ಎಮಲ್ಷನ್‌ನ ಜೀವಾಳ ಪಾಲಿವಿನೈಲ್ ಆಲ್ಕೋಹಾಲ್. ಇದು ನೀರಿನಲ್ಲಿ ಕರಗುವ ಪಾಲಿಮರ್. ಇದಕ್ಕೆ ಬೈಕ್ರೋಮೇಟ್ ಅಥವಾ ಡೈಯಾಜೊ ಸೇರಿಸಿದರೆ ಬೆಳಕು ಬಿದ್ದಲ್ಲಿ ಸರಪಳಿಗಳ ನಡುವೆ ಅಡ್ಡಕೊಂಡಿ ಬೀಳುತ್ತದೆ. ಬಿಡಿ ದಾರಗಳು ಬಲೆಯಾದಂತೆ, ಆ ಭಾಗ ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಫಿಲ್ಮಿನ ಕಪ್ಪು ಅಕ್ಷರಗಳ ನೆರಳಿನಲ್ಲಿದ್ದ ಭಾಗ ನೀರು ಹೊಯ್ದೊಡನೆ ಹರಿದುಹೋಗಿ ಶಾಯಿಗೆ ದಾರಿ ಬಿಡುತ್ತದೆ. ಬೈಕ್ರೋಮೇಟ್ ಅಗ್ಗ. ಆದರೆ ಅದಕ್ಕೊಂದು ದೊಡ್ಡ ದೋಷವಿದೆ: ಅದರ ಕ್ರಿಯೆ ಕತ್ತಲಲ್ಲೂ ನಿಧಾನವಾಗಿ ನಡೆಯುತ್ತಲೇ ಇರುತ್ತದೆ, ಸೆಕೆ ಹೆಚ್ಚಿದಷ್ಟೂ ಚುರುಕಾಗುತ್ತದೆ. ಮೇ ತಿಂಗಳ ಸಂಜೆ ಬಳಿದಿಟ್ಟ ಜಾಲರಿ ಮರುದಿನ ಸರಿಯಾಗಿ ತೊಳೆಯದೆ, ಸಣ್ಣ ಅಕ್ಷರಗಳು ಮುಚ್ಚಿಕೊಂಡರೆ ತಪ್ಪು ಫಿಲ್ಮಿನದೂ ಅಲ್ಲ, ಲೈಟಿನದೂ ಅಲ್ಲ. ಡೈಯಾಜೊ ಎಮಲ್ಷನ್ ಬಳಿದ ಜಾಲರಿ ತಂಪು ಕತ್ತಲಲ್ಲಿ ಬಹಳ ಹೆಚ್ಚು ದಿನ ಕೆಡದೆ ಇರುತ್ತದೆ. ಲಗ್ನದ ಹಂಗಾಮು ಬೀಳುವುದೇ ಬೇಸಿಗೆಯಲ್ಲಾದ್ದರಿಂದ ಈ ಊರುಗಳಿಗೆ ಡೈಯಾಜೊ ಹೊಂದುತ್ತದೆ. ಬೈಕ್ರೋಮೇಟಿನ ಇನ್ನೊಂದು ದೋಷ ಇದಕ್ಕಿಂತ ಗಂಭೀರವಾದದ್ದು. ಅದರ ಮಾತು ಮುಂದೆ ಬರುತ್ತದೆ.

ಆಫ್‌ಸೆಟ್ ಪ್ಲೇಟಿನಲ್ಲಿ ಆಟ ತಿರುಗುಮುರುಗು. ಅಲ್ಯೂಮಿನಿಯಂ ಹಾಳೆಯ ಮೇಲೆ ಒಂದೆರಡು ಮೈಕ್ರಾನ್ ದಪ್ಪಕ್ಕೆ ನೊವೊಲಾಕ್ ಎಂಬ ರಾಳ ಇರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿ ಆಗುವ ಈ ರಾಳ, ಹಳೆಯ ಮನೆಗಳ ಕಪ್ಪು ಸ್ವಿಚ್ಚಿನ ಬೇಕಲೈಟಿನ ಒಡಹುಟ್ಟು. ಇದರ ಜೊತೆ ಬೆರೆಸಿರುವ ಡೈಯಾಜೊನ್ಯಾಫ್ತೊಕ್ವಿನೋನ್ ಎಂಬ ವಸ್ತು ರಾಳವನ್ನು ಕ್ಷಾರದಲ್ಲಿ ಕರಗದಂತೆ ತಡೆದು ನಿಲ್ಲಿಸಿರುತ್ತದೆ. ಬೆಳಕು ಬಿದ್ದರೆ ಅದೇ ವಸ್ತು ಆಮ್ಲವಾಗಿ ಮಾರ್ಪಟ್ಟು, ತಡೆದವನೇ ಬಾಗಿಲು ತೆರೆದಂತೆ, ರಾಳವನ್ನು ಡೆವಲಪರ್‌ಗೆ ಬಿಟ್ಟುಕೊಡುತ್ತದೆ. ಬೆಳಕು ಬೀಳದ ಭಾಗ ಉಳಿದು ಶಾಯಿ ಹಿಡಿಯುತ್ತದೆ. ಜರ್ಮನಿಯ ವೀಸ್‌ಬಾಡನ್ನಿನ ಕಾಲೆ ಕಂಪನಿಯಲ್ಲಿ ಓಸ್ಕರ್ ಸ್ಯೂಸ್ 1940ರ ದಶಕದಲ್ಲಿ ಮುದ್ರಣಕ್ಕೆಂದೇ ರೂಪಿಸಿದ ಈ ಜೋಡಿ, ಮುಂದೆ ಹಲವು ದಶಕ ಕಂಪ್ಯೂಟರ್ ಚಿಪ್ಪುಗಳ ಗೆರೆ ಕೊರೆಯುವ ಲೇಪವೂ ಆಯಿತು. ಚಿಪ್ ಕಾರ್ಖಾನೆಗಳ ಒಳಗೆ ಹಳದಿ ದೀಪ ಉರಿಯುವುದಕ್ಕೂ ಪ್ಲೇಟ್ ಕೋಣೆಯಲ್ಲಿ ಹಳದಿ ದೀಪ ಬೇಕೆನ್ನುವುದಕ್ಕೂ ಒಂದೇ ಕಾರಣ: ಈ ವಸ್ತು ನೀಲಿ ಮತ್ತು ಅತಿನೇರಳೆ ಬೆಳಕನ್ನು ಹೀರುತ್ತದೆ, ಹಳದಿಯನ್ನು ಹೀರುವುದಿಲ್ಲ. ಮೆಷಿನ್ ನಿಲ್ಲಿಸುವಾಗ ಪ್ಲೇಟಿಗೆ ಹಚ್ಚುವ ಗಮ್ ಕೂಡ ಪಾಲಿಮರೇ, ಜಾಲಿಯ ಕುಲದ ಮರಗಳಿಂದ ಒಸರುವ ಅಂಟು. ಖಾಲಿ ಜಾಗದ ಅಲ್ಯೂಮಿನಿಯಂ ತುಕ್ಕು ಹಿಡಿಯದಂತೆ, ಜಿಡ್ಡು ಅಂಟದಂತೆ ಅದು ಕಾಯುತ್ತದೆ. ಸುಣ್ಣಕಲ್ಲಿನ ಮೇಲೆ ಅಚ್ಚು ಹಾಕುತ್ತಿದ್ದ ಎರಡು ಶತಮಾನಗಳ ಹಿಂದಿನ ಲಿಥೊ ಕಾಲದಿಂದ ಈ ಒಂದು ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಎಕ್ಸ್-ರೇ ಹಾಳೆಯ ಕಥೆಯಲ್ಲಿ ಪಾಲಿಮರ್ ಜೀವ ತೆಗೆದದ್ದೂ ಉಂಟು. ಮೊದಲಿನ ಫಿಲ್ಮುಗಳ ತಳಹಾಳೆ ಸೆಲ್ಯುಲೋಸ್ ನೈಟ್ರೇಟ್, ಸಿಡಿಮದ್ದಿನ ಹತ್ತಿರದ ನೆಂಟ. 1929ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಕೂಡಿಟ್ಟಿದ್ದ ಎಕ್ಸ್-ರೇ ಫಿಲ್ಮುಗಳಿಗೆ ಬೆಂಕಿ ಬಿದ್ದು, ವಿಷಗಾಳಿಗೆ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸುಲಭಕ್ಕೆ ಉರಿಯದ ಅಸಿಟೇಟ್, ಅದರ ನಂತರ ಪಾಲಿಯೆಸ್ಟರ್ ರೂಢಿಗೆ ಬಂದವು. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 'ಇಂದು' ಹೆಸರಿನಲ್ಲಿ ದೇಶದ ಆಸ್ಪತ್ರೆಗಳಿಗೆ ಫಿಲ್ಮ್ ಕೊಟ್ಟದ್ದು ಹಳಬರಿಗೆ ನೆನಪಿದೆ. ಆ ಫಿಲ್ಮನ್ನು ಕತ್ತಲೆಕೋಣೆಯಲ್ಲಿ ದ್ರವಗಳಲ್ಲಿ ಅದ್ದಿ ತೊಳೆಯಬೇಕಿತ್ತು. ಈಗಿನ ಒಣ ಫಿಲ್ಮಿಗೆ ನೀರೂ ಬೇಡ, ಕತ್ತಲೂ ಬೇಡ. ಅದರ ಒಂದು ಮುಖ್ಯ ಬಗೆಯಲ್ಲಿ ಸಿಲ್ವರ್ ಬೆಹೆನೇಟ್ ಎಂಬ ಬೆಳ್ಳಿಯ ಲವಣವನ್ನು ಪಾಲಿವಿನೈಲ್ ಬ್ಯುಟಿರಾಲ್ ರಾಳದಲ್ಲಿ ಕಟ್ಟಿಟ್ಟಿರುತ್ತಾರೆ. ಲೇಸರ್ ಬರೆದ ಚಿತ್ರ ಶಾಖಕ್ಕೆ ಕಪ್ಪಾಗಿ ಮೂಡುತ್ತದೆ. ಆ ಲವಣದಲ್ಲಿರುವ ಬೆಹೆನಿಕ್ ಆಮ್ಲಕ್ಕೆ ಹೆಸರು ಬಂದದ್ದು ನುಗ್ಗೆಬೀಜದ ಬೆನ್ ಎಣ್ಣೆಯಿಂದ. ಶೇಂಗಾ ಎಣ್ಣೆಯಲ್ಲೂ ಅದು ಸ್ವಲ್ಪ ಇರುತ್ತದೆ. ಶಾಖದಿಂದ ಮೂಡಿದ ಚಿತ್ರವಾದ್ದರಿಂದ ಶಾಖವೇ ಅದಕ್ಕೆ ಶತ್ರು. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲೋ ಇಎಸ್‌ಐ ಆಸ್ಪತ್ರೆಯಲ್ಲೋ ತೋರಿಸಿಕೊಂಡು ಕಮಲಾಪುರದ ಕಡೆಯ ಹಳ್ಳಿಗೆ ಮರಳುವ ರೋಗಿ ಇಂಥ ಹಾಳೆಯನ್ನು ಬಿಸಿಲಿನಲ್ಲಿ ನಿಂತ ಕಾರಿನ ಗಾಜಿನ ಹಿಂದೆ ಇಟ್ಟರೆ ಅದು ಕ್ರಮೇಣ ಕಪ್ಪಾಗುತ್ತದೆ. ಹಾಳೆ ಕೊಡುವಾಗ "ಕವರಿನಲ್ಲೇ ಇಡಿ, ಬಿಸಿಲಿಗೆ ಇಡಬೇಡಿ" ಎಂದು ಹೇಳುವುದಕ್ಕೆ ಅರೆನಿಮಿಷ ಸಾಕು. ಆರು ತಿಂಗಳ ಬಳಿಕ ಹಳೆಯ ಚಿತ್ರವನ್ನು ಹೊಸದರೊಡನೆ ಹೋಲಿಸಬೇಕಾದ ವೈದ್ಯರಿಗೆ ಆ ಒಂದು ಮಾತು ಬಹಳ ಬೆಲೆಯದು.

ಈ ಪಾಲಿವಿನೈಲ್ ಬ್ಯುಟಿರಾಲ್ ಇಲ್ಲಿಯವರೆಗಿನ ರಾಳಗಳಿಗೆ ಹೊರಗಿನದಲ್ಲ. ಬಡಗಿಯ ಫೆವಿಕಾಲ್‌ನಲ್ಲಿರುವುದು ಪಾಲಿವಿನೈಲ್ ಅಸಿಟೇಟ್. ಅದನ್ನು ಕ್ಷಾರದಿಂದ ಸಂಸ್ಕರಿಸಿದರೆ ಸ್ಕ್ರೀನಿನ ಪಾಲಿವಿನೈಲ್ ಆಲ್ಕೋಹಾಲ್. ಆ ಆಲ್ಕೋಹಾಲಿಗೆ ಬ್ಯುಟಿರಾಲ್ಡಿಹೈಡ್ ಕೂಡಿಸಿದರೆ ಬ್ಯುಟಿರಾಲ್. ಅಜ್ಜ, ಮಗ, ಮೊಮ್ಮಗ. ಮೊಮ್ಮಗ ಚಿತ್ರದ ಕೆಲಸದಿಂದ ಕಾಯುವ ಕೆಲಸಕ್ಕೂ ದಾಟಿದವನು. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳ ಮುಂಗಾಜಿನಂಥ ಪದರಗಾಜುಗಳಲ್ಲಿ ಎರಡು ಗಾಜುಗಳ ನಡುವೆ ಮಿಲಿಮೀಟರಿಗಿಂತ ತೆಳುವಾದ ಹಾಳೆಯಾಗಿ ಕೂತು, ಕಲ್ಲು ಬಡಿದಾಗ ಚೂರುಗಳನ್ನು ಹಿಡಿದಿಟ್ಟುಕೊಳ್ಳುವುದು ಇದೇ. ಜಿಂಕ್ ತಗಡಿಗೆ ಹಚ್ಚುವ ವಾಶ್ ಪ್ರೈಮರಿನ ರಾಳವೂ ಇದೇ. ಜಿಂಕ್ ತಗಡಿನ ಮೇಲೆ ನೇರವಾಗಿ ಆಯಿಲ್ ಪೇಂಟ್ ಹೊಡೆದರೆ ವರ್ಷ ಕಳೆಯುವುದರೊಳಗೆ ಹಪ್ಪಳದಂತೆ ಎದ್ದುಬರುವುದನ್ನು ಪೇಂಟರ್‌ಗಳು ಕಂಡೇ ಇರುತ್ತಾರೆ. ಆಯಿಲ್ ಪೇಂಟಿನ ರಾಳ ಆಲ್ಕಿಡ್. ಅದರಲ್ಲಿರುವುದು ಎಣ್ಣೆಯ ಆಮ್ಲಗಳು. ಅವು ಜಿಂಕ್ ಜೊತೆ ಸೇರಿ ಸಾಬೂನಾಗುತ್ತವೆ, ಸಾಬೂನಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಹೊಸ ಸಿಮೆಂಟ್ ಗಾರೆಯ ಮೇಲೂ ಆಗುವುದು ಇದೇ, ಅಲ್ಲಿ ಸಾಬೂನು ಮಾಡುವುದು ಗಾರೆಯ ಕ್ಷಾರ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಜಿಲ್ಲೆಯಲ್ಲಿ ಕಬ್ಬಿಣದ ಮೇಲೆ ಕೂರುವ ಧೂಳೂ ಇಬ್ಬನಿ ತಾಗಿದರೆ ಕ್ಷಾರವೇ. ಅಂಥ ಕಡೆಗಳಲ್ಲಿ ಎಪಾಕ್ಸಿ ಅಥವಾ ಅಕ್ರಿಲಿಕ್ ಆಧಾರದ ಬಣ್ಣಗಳೇ ಸರಿ. ಆಲ್ಕಿಡ್ ಅಗ್ಗವೆಂಬ ಲೆಕ್ಕ ಎರಡನೆಯ ಸಲ ಬಳಿಯುವಾಗ ತಲೆಕೆಳಗಾಗುತ್ತದೆ.

ಎಪಾಕ್ಸಿಗೂ ಒಂದು ಮಿತಿ ಇದೆ. ಅದನ್ನು ತಿಳಿಯಲು ಬೆಳಕಿನ ಬಲವನ್ನು ಅಂಕಿಗಳಲ್ಲಿ ನೋಡಬೇಕು. ನೆಲ ಮುಟ್ಟುವ ಬಿಸಿಲಿನ ಅತ್ಯಂತ ಚೂಪಾದ ಅಂಚು ಸುಮಾರು 300 ನ್ಯಾನೊಮೀಟರಿನ ಅತಿನೇರಳೆ ಕಿರಣ. ಅದರ ಶಕ್ತಿ ಮೋಲಿಗೆ ಸುಮಾರು 400 ಕಿಲೊಜೂಲ್. ಪಾಲಿಮರ್ ಸರಪಳಿಯ ಬೆನ್ನೆಲುಬಾದ ಇಂಗಾಲ-ಇಂಗಾಲ ಬಂಧ ಮುರಿಯಲು ಬೇಕಾದದ್ದು ಸುಮಾರು 350. ಕಿರಣವನ್ನು ರಾಳ ಹೀರಿಕೊಂಡರೆ ಬಂಧ ಮುರಿಯುವ ಸಾಧ್ಯತೆ ಯಾವಾಗಲೂ ಇದೆ. ಎಪಾಕ್ಸಿಯ ಸರಪಳಿಯಲ್ಲಿ ಬೆಂಜೀನ್ ಉಂಗುರಗಳಿರುವುದರಿಂದ ಅದು ಹೀರಿಕೊಳ್ಳುತ್ತದೆ. ಆದ್ದರಿಂದಲೇ ನೀರು, ಕ್ಷಾರ, ತುಕ್ಕು ಎಲ್ಲವನ್ನೂ ತಡೆಯುವ ಎಪಾಕ್ಸಿ ಬಿಸಿಲಿಗೆ ಬಿದ್ದರೆ ಕೆಲವೇ ತಿಂಗಳಲ್ಲಿ ಹೊಳಪು ಕಳೆದುಕೊಂಡು, ಮುಟ್ಟಿದರೆ ಸುಣ್ಣದಂತೆ ಕೈಗೆ ಹತ್ತುತ್ತದೆ. ಟ್ಯಾಂಕಿನ ಒಳಗೆ ಎಪಾಕ್ಸಿಗೆ ಸಾಟಿಯಿಲ್ಲ. ಟ್ಯಾಂಕಿನ ಹೊರಗೆ ಅದರ ಮೇಲೆ ಕೊಡೆ ಬೇಕು. ಆ ಕೊಡೆಯೇ ಬೆಂಜೀನ್ ಉಂಗುರಗಳಿಲ್ಲದ, ಅಲಿಫ್ಯಾಟಿಕ್ ಎಂದು ಡಬ್ಬಿಯ ಮೇಲೆ ಬರೆದಿರುವ ಪಾಲಿಯುರೇಥೇನ್. ಕೆಳಗೆ ಜಿಂಕ್ ತುಂಬಿದ ಪ್ರೈಮರ್, ನಡುವೆ ಎಪಾಕ್ಸಿ, ಮೇಲೆ ಅಲಿಫ್ಯಾಟಿಕ್ ಪಾಲಿಯುರೇಥೇನ್ ಎಂಬ ಮೂರು ಪದರದ ಪದ್ಧತಿ ಸೇತುವೆ, ಟವರ್, ಕಾರ್ಖಾನೆಗಳ ಉಕ್ಕಿಗೆ ಲೋಕವೆಲ್ಲ ಒಪ್ಪಿದ ಕ್ರಮ. ಒಂದೊಂದು ಪದರಕ್ಕೂ ಬೇರೆ ಕೆಲಸ: ಜಿಂಕ್ ಉಕ್ಕಿನ ಬದಲು ತಾನು ಸವೆಯುತ್ತದೆ, ಎಪಾಕ್ಸಿ ನೀರು ತಡೆಯುತ್ತದೆ, ಪಾಲಿಯುರೇಥೇನ್ ಬಿಸಿಲು ಹೊರುತ್ತದೆ. ನಡುವಿನದನ್ನು ಬಿಟ್ಟು ಹಣ ಉಳಿಸುವುದು ಉಳಿತಾಯವಲ್ಲ.

ಕಪನೂರು ಮತ್ತು ನಂದೂರು-ಕೆಸರಟಗಿ ಕೈಗಾರಿಕಾ ಪ್ರದೇಶಗಳಂಥ ಕಡೆ ಶೆಡ್ಡಿಗೆ ಹೊದಿಸುವ ಬಣ್ಣದ ತಗಡಿನಲ್ಲೂ ಇದೇ ಲೆಕ್ಕ. ಸಾಮಾನ್ಯ ತಗಡಿನ ಮೇಲಿರುವುದು ಸುಮಾರು 20 ಮೈಕ್ರಾನ್ ಪಾಲಿಯೆಸ್ಟರ್. ಅದಕ್ಕಿಂತ ಮೇಲಿನ ದರ್ಜೆಯದು ಪಿವಿಡಿಎಫ್, ಫ್ಲೋರಿನ್ ಇರುವ ಪಾಲಿಮರ್. ಇಂಗಾಲ-ಫ್ಲೋರಿನ್ ಬಂಧ ಮುರಿಯಲು ಸುಮಾರು 485 ಕಿಲೊಜೂಲ್ ಬೇಕು, ಬಿಸಿಲಿನ ಕೈಗೆ ಅದು ಎಟಕುವುದಿಲ್ಲ. ಪೌಡರ್ ಕೋಟಿಂಗ್ ಮಾಡಿಸುವಾಗಲೂ ಕೇಳಬೇಕಾದದ್ದು ಒಂದೇ: ಪುಡಿ ಶುದ್ಧ ಪಾಲಿಯೆಸ್ಟರೋ, ಎಪಾಕ್ಸಿ ಬೆರೆತದ್ದೋ? ಬೆರೆತದ್ದು ಮನೆಯೊಳಗಿನ ಕಪಾಟಿಗೆ ಸರಿ, ಗೇಟಿಗೆ ಅಲ್ಲ.

ಎಲ್ಲ ಪಾಲಿಮರಿಗೂ ಫ್ಲೋರಿನ್ ಹಾಕಲಾಗದು. ಉಳಿದವಕ್ಕೆ ಕಾವಲುಗಾರರನ್ನು ಬೆರೆಸುತ್ತಾರೆ. ಕಿರಣವನ್ನು ತಾವೇ ಹೀರಿ ಶಾಖವಾಗಿ ಬಿಡುವ ವಸ್ತುಗಳು ಕೆಲವು. ಮುರಿದ ಬಂಧದಿಂದ ಹುಟ್ಟುವ ಚುರುಕು ಕಣಗಳನ್ನು ಹಿಡಿದು ಅನಾಹುತ ಹಬ್ಬದಂತೆ ನಿಲ್ಲಿಸುವ ಅಮೈನ್ ವಸ್ತುಗಳು ಇನ್ನು ಕೆಲವು. ಇವು ಇಲ್ಲದ ಪಾಲಿಪ್ರೊಪಿಲೀನ್ ಚೀಲದಲ್ಲಿ ತೊಗರಿ ತುಂಬಿ ಕಣದಲ್ಲಿಟ್ಟರೆ ಕೆಲವು ತಿಂಗಳ ಬಿಸಿಲಿಗೆ ಚೀಲ ಹಿಡಿದೆಡೆಯಲ್ಲೇ ಪುಡಿಯಾಗುತ್ತದೆ. ಎಲ್ಲಕ್ಕಿಂತ ಹಳೆಯ, ಅಗ್ಗದ ಕಾವಲುಗಾರ ಮಸಿ. ಕಮಲಾಪುರದ ಕೆಂಪು ಬಾಳೆಯ ತೋಟಗಳಿಗೆ ನೀರು ಹನಿಸುವ ಪೈಪು ಕಪ್ಪಾಗಿರುವುದು ಅಂದಕ್ಕಲ್ಲ. ಅದರಲ್ಲಿ ಸುಮಾರು ಶೇ 2ರಿಂದ 3ರಷ್ಟು ನುಣ್ಣನೆಯ ಮಸಿ ಬೆರೆತಿರುತ್ತದೆ, ಬೆಳಕು ಒಳಗೆ ಇಳಿಯುವುದೇ ಇಲ್ಲ.

ಬೆಳಕಿನಷ್ಟೇ ಮುಖ್ಯವಾದದ್ದು ಶಾಖ. ಕಲಬುರಗಿಯ ಮಟ್ಟಿಗೆ ಇದನ್ನು ಒತ್ತಿ ಹೇಳಲೇಬೇಕು. ಬೆಲ್ಲದ ಪಾಕದ ಚಿಕ್ಕಿ ಚಳಿಗಾಲದಲ್ಲಿ ಪಟ್ಟನೆ ಮುರಿಯುತ್ತದೆ, ಬೇಸಿಗೆಯಲ್ಲಿ ಬಾಗುತ್ತದೆ, ಕೈಗೆ ಅಂಟುತ್ತದೆ. ಪಾಲಿಮರ್‌ಗಳಿಗೂ ಇಂಥದೊಂದು ಗಡಿ ಇದೆ. ಅದಕ್ಕಿಂತ ಕೆಳಗೆ ಗಾಜಿನಂತೆ ಗಟ್ಟಿ, ಮೇಲೆ ರಬ್ಬರಿನಂತೆ ಮೆದು. ಪಾಲಿವಿನೈಲ್ ಅಸಿಟೇಟಿಗೆ ಆ ಗಡಿ 30 ಡಿಗ್ರಿಯ ಆಸುಪಾಸು. ಹಾಗಾಗಿ ಅದರ ಲೇಪ ಇಲ್ಲಿ ವರ್ಷದ ಬಹುಪಾಲು ಹಗಲುಗಳಲ್ಲಿ ಮೆತ್ತಗಾಗಿ ಧೂಳು ಹಿಡಿಯುತ್ತದೆ. ಲೇಸರ್ ಪ್ರಿಂಟರ್, ಝೆರಾಕ್ಸ್ ಟೋನರಿನ ರಾಳಕ್ಕೆ ಗಡಿ ಸುಮಾರು 55ರಿಂದ 65. ಬಿಸಿ ರೋಲರಿನ ಕೆಳಗೆ ಕರಗಿ ಕಾಗದಕ್ಕೆ ಅಂಟಲೆಂದೇ ಅದನ್ನು ಕಡಿಮೆ ಇಟ್ಟಿದ್ದಾರೆ. ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಕಾರ್ಟ್ರಿಜ್ ಬಿಟ್ಟರೆ ಪುಡಿ ಹೆಂಟೆಯಾಗುವುದೂ ಅದರಿಂದಲೇ. ವಸ್ತುಸಂಗ್ರಹಾಲಯಗಳು ಕಲ್ಲು, ಮಡಕೆ ಜೋಡಿಸಲು ಲೋಕದಾದ್ಯಂತ ನಂಬುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ಗಡಿ ಸರಿಯಾಗಿ 40 ಡಿಗ್ರಿ. ಯುರೋಪಿನ ಕೋಣೆಯಲ್ಲಿ ಅದು ಕಲ್ಲಿನಂತೆ ಗಟ್ಟಿ. ಸನ್ನತಿ-ಕನಗನಹಳ್ಳಿಯ ಬಯಲಿನ ಬಿಸಿಲಿನಲ್ಲಿ, ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕ ಆ ಸುಣ್ಣಕಲ್ಲಿನ ನೆಲದಲ್ಲಿ, ಅದೇ ರಾಳ ಭಾರ ಹೊರುವ ಜೋಡಣೆಗೆ ಒದಗದು. ಬಿಸಿನಾಡುಗಳಲ್ಲಿ ಗಡಿ 60ರ ಸುಮಾರಿಗಿರುವ ಬಿ-44ರಂಥದನ್ನು ಬಳಸುವುದು ಇದಕ್ಕೇ. ಹೊರದೇಶದ ಕೈಪಿಡಿಯನ್ನು ಇದ್ದಂತೆಯೇ ಇಲ್ಲಿ ಜಾರಿ ಮಾಡಕೂಡದು ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹಳೆಯ ಸ್ಮಾರಕಗಳ ವಿಷಯದಲ್ಲಿ ಆತುರದ ಲೇಪ ಎಂಥ ಹಾನಿ ಮಾಡುತ್ತದೆಂದು ಅಜಂತಾ ತೋರಿಸಿದೆ. ಅಂದು ಅಜಂತಾ, ಕಲಬುರಗಿ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1920ರ ದಶಕದ ಆರಂಭದಲ್ಲಿ ಸಂಸ್ಥಾನ ಕರೆಸಿದ ಇಟಲಿಯ ತಜ್ಞರಾದ ಚೆಕ್ಕೋನಿ ಮತ್ತು ಒರ್ಸಿನಿ ಉದುರುತ್ತಿದ್ದ ಚಿತ್ರಗಳನ್ನು ಹಿಡಿದು ನಿಲ್ಲಿಸಿದರು, ಅದು ನಿಜ. ಆದರೆ ಬಳಿದ ಅರಗಿನ ಲೇಪ ವರ್ಷಗಳು ಕಳೆದಂತೆ ಹಳದಿಗಟ್ಟಿ ಚಿತ್ರಗಳ ಬಣ್ಣವನ್ನೇ ಮರೆಮಾಡಿತು. ಅದನ್ನು ತೆಗೆಯುವುದೇ ಪುರಾತತ್ವ ಇಲಾಖೆಯ ರಸಾಯನತಜ್ಞರಿಗೆ ದಶಕಗಳ ಕೆಲಸವಾಯಿತು. ಕಲಬುರಗಿಯ 1367ರ ಜಾಮಾ ಮಸೀದಿಯಾಗಲಿ, ಹಫ್ತ್ ಗುಂಬಜ್ ಆಗಲಿ, ಸುಣ್ಣದ ಗಾರೆಯ ಕಟ್ಟಡಗಳು ಉಸಿರಾಡುತ್ತವೆ: ನೆಲದಿಂದ ಏರಿದ ತೇವ ಗೋಡೆಯಿಂದ ಹೊರಗೆ ಹೋಗುತ್ತದೆ. ಮೇಲೆ ಪ್ಲಾಸ್ಟಿಕ್ ಪೇಂಟಿನ ಪೊರೆ ಎಳೆದರೆ ತೇವವೂ ಉಪ್ಪೂ ಹಿಂದೆ ನಿಂತು ಗಾರೆಯನ್ನು ಒಳಗಿನಿಂದ ಒಡೆಯುತ್ತವೆ. ಶಹಾಬಾದಿನ ಫರ್ಸಿ ಹಾಸಿದ ಅಂಗಳಕ್ಕೂ ಈ ಮಾತು ಸಲ್ಲುತ್ತದೆ. ತೇವ ಏರುವ ನೆಲದಲ್ಲಿ ಫರ್ಸಿಗೆ ದಪ್ಪ ಪಾಲಿಶ್ ಕೋಟು ಕೊಟ್ಟರೆ ಪದರಪದರವಾಗಿ ಏಳುತ್ತದೆ. ಆವಿಯನ್ನು ಬಿಟ್ಟು ನೀರನ್ನು ಮಾತ್ರ ತಡೆಯುವ ಸಿಲೇನ್-ಸಿಲೋಕ್ಸೇನ್ ಬಗೆಯವು ಮೇಲು. ಆದರೆ ಫರ್ಸಿಯಂಥ ಸುಣ್ಣಕಲ್ಲಿನ ಮೇಲೆ ಅವುಗಳ ಹಿಡಿತ ಮರಳುಗಲ್ಲಿನ ಮೇಲಿದ್ದಷ್ಟು ಬಿಗಿಯಲ್ಲ. ಒಂದು ಮೂಲೆಯಲ್ಲಿ ಹಚ್ಚಿ ಒಂದು ಮಳೆಗಾಲ ಕಾದು ನೋಡುವುದು ಒಳ್ಳೆಯದು.

ಅರಗು ಅಜಂತಾದಲ್ಲಿ ಸೋತರೂ ಈ ನಾಡಿನಲ್ಲಿ ಗೌರವ ಗಳಿಸಿದ ರಾಳ. ಕೀಟವೊಂದು ಮರದ ಟೊಂಗೆಯ ಮೇಲೆ ಒಸರಿಸುವ ಇದು ಚನ್ನಪಟ್ಟಣದ ಗೊಂಬೆಗಳ ಹೊಳಪು. ಕಾಡಿನ ಅರಗನ್ನು ಬಳಸಲೆಂದು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ತೆರೆದರು. ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಂದಲೇ ಬರುತ್ತದೆ. ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನೊಡನೆ ಸೇರಿ ಬೆಳಕಿಗೆ ಕಪ್ಪಾಗುವ ಅದು ಫೋಟೊ ಫಿಲ್ಮಿನ ರಸಾಯನವೇ.

ಇನ್ನು ಕೆಲಸಗಾರರ ಮೈಯ ಮಾತು. ಬೈಕ್ರೋಮೇಟಿನಲ್ಲಿರುವ ಆರರ ವೇಲೆನ್ಸಿಯ ಕ್ರೋಮಿಯಂ ಚರ್ಮದ ಮೇಲೆ ಮಾಯದ ಹುಣ್ಣು ಮಾಡುತ್ತದೆ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಬರಿಗೈಯಲ್ಲಿ ಕಲಸುವ, ತೊಳೆದ ಹಳದಿ ನೀರನ್ನು ಗಟಾರಕ್ಕೆ ಬಿಡುವ ರೂಢಿ ನಿಲ್ಲಲೇಬೇಕು. ಪಾಲಿಯುರೇಥೇನಿನ ಹಾರ್ಡ್ನರ್ ಡಬ್ಬಿಯಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಅದರ ತುಂತುರು ಶ್ವಾಸಕೋಶಕ್ಕೆ ಹೋದರೆ ಬಿಡದ ದಮ್ಮು ಹತ್ತಬಹುದು. ಒಮ್ಮೆ ಹತ್ತಿದ ಮೇಲೆ ಅತಿ ಸಣ್ಣ ಪ್ರಮಾಣವೂ ಉಬ್ಬಸ ತರುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ ಇದನ್ನು ಎಳ್ಳಷ್ಟೂ ತಡೆಯುವುದಿಲ್ಲ. ಬೇಕಾದದ್ದು ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ, ಅದಿಲ್ಲದಿದ್ದರೆ ಸ್ಪ್ರೇ ಬಿಟ್ಟು ಬ್ರಷ್, ರೋಲರ್. ಮುಖವಾಡದ ಖರ್ಚು ಗುತ್ತಿಗೆಯ ದರದಲ್ಲೇ ಸೇರಬೇಕು, ಪೇಂಟರನ ಕೂಲಿಯಿಂದ ಕಳೆಯಬಾರದು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಕೂಡದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಕೈಗಾರಿಕಾ ಬಣ್ಣಗಳಿಗೆ ಆ ನಿಯಮ ತಾಗುವುದಿಲ್ಲ. ಗೇಟಿಗೆಂದು ತಂದ ಹಳದಿ, ಕಿತ್ತಳೆ ಕೈಗಾರಿಕಾ ಬಣ್ಣವನ್ನು ಅಂಗನವಾಡಿಯ ಜಾರುಬಂಡೆಗೆ ಬಳಿಯಬಾರದು.

ಕೊನೆಯದಾಗಿ, ಎಪಾಕ್ಸಿ, ಪಾಲಿಯುರೇಥೇನಿನಂಥ ಎರಡು ಡಬ್ಬಿಯ ಬಣ್ಣಗಳನ್ನು ಕಲಸಿದ ಮೇಲೆ ಬಳಸಲು ಇರುವ ಸಮಯವನ್ನು ಡಬ್ಬಿಯ ಮೇಲೆ ಸಾಮಾನ್ಯವಾಗಿ 25 ಡಿಗ್ರಿಗೆ ಲೆಕ್ಕ ಹಾಕಿ ಬರೆದಿರುತ್ತಾರೆ. ಪ್ರತಿ 10 ಡಿಗ್ರಿ ಏರಿಕೆಗೆ ಕ್ರಿಯೆಯ ವೇಗ ಸುಮಾರು ಇಮ್ಮಡಿ. ನಾಲ್ಕು ಗಂಟೆ ಎಂದಿದ್ದರೆ ಏಪ್ರಿಲ್ ಮಧ್ಯಾಹ್ನ ಕೈಯಲ್ಲಿರುವುದು ಒಂದೂವರೆ ಗಂಟೆಯ ಸುಮಾರು. ಗಟ್ಟಿಯಾಗತೊಡಗಿದ ಬಣ್ಣಕ್ಕೆ ಥಿನ್ನರ್ ಹೊಯ್ದರೆ ಅದು ತೆಳ್ಳಗಾದಂತೆ ಕಾಣುತ್ತದೆ. ಬಿದ್ದ ಅಡ್ಡಕೊಂಡಿಗಳು ಬಿಚ್ಚುವುದಿಲ್ಲ, ಹಾಗೆ ಬಳಿದ ಪೊರೆ ಮೇಲ್ಮೈಯನ್ನು ಸರಿಯಾಗಿ ಹಿಡಿಯುವುದಿಲ್ಲ. ಸ್ವಲ್ಪ ಸ್ವಲ್ಪವೇ ಕಲಸಿ, ಡಬ್ಬಿಯನ್ನು ನೆರಳಿನಲ್ಲಿ ಒದ್ದೆ ಗೋಣಿಚೀಲದ ಮೇಲಿಟ್ಟು, ತಗಡು ಕಾಯುವ ಮುಂಚೆ ಬೆಳಗಿನ ಹೊತ್ತು, ಇಬ್ಬನಿ ಆರಿದ ಮೇಲೆ ಬಳಿಯಬೇಕು.